ನ್ಯಾಂಡ್ ಗೇಟ್ ಆಸಿಲೇಟರಿನ ಅವಧಿ ಗುಣಾಂಕ: 4011 ಮತ್ತು 4093 ಚಿಪ್‌ಗಳ ಹವ್ಯಾಸಿ ಸರ್ಕ್ಯೂಟ್‌ಗಳನ್ನು ಕುರಿತ ಟಿಪ್ಪಣಿ

1. ವಿಷಯ ಮತ್ತು ವ್ಯಾಪ್ತಿ

ನಾಲ್ಕು ನ್ಯಾಂಡ್ ಗೇಟ್‌ಗಳಿರುವ ಒಂದೇ ಚಿಪ್ಪಿನಿಂದ ಹವ್ಯಾಸಿಗಳು ಕಟ್ಟುವ ಸರ್ಕ್ಯೂಟ್‌ಗಳು ಹಲವು: ಮಿನುಗುವ ಎಲ್‌ಇಡಿ, ಮೋರ್ಸ್ ಅಭ್ಯಾಸದ ಬಜರ್, ಕತ್ತಲಾದರೆ ಕೂಗುವ ಅಲಾರಂ, ಮನೆಯ ಮೇಲಿನ ನೀರಿನ ಟ್ಯಾಂಕ್ ತುಂಬಿದರೆ ಎಚ್ಚರಿಸುವ ಸಾಧನ. ಬಹುಪಾಲು ಇವುಗಳ ಒಳಗೆ ಇರುವುದು ಒಂದು ರೆಸಿಸ್ಟರ್ ಮತ್ತು ಒಂದು ಕೆಪಾಸಿಟರ್ ಕಾಲ ನಿರ್ಧರಿಸುವ ಆಸಿಲೇಟರ್. ಅದರ ಅವಧಿಯನ್ನು ‘ಗುಣಾಂಕ × ಆರ್ × ಸಿ’ ಎಂದು ಬರೆಯುವ ರೂಢಿ ಇದೆ. ಆದರೆ ಆ ಗುಣಾಂಕ ಒಂದೆಡೆ 1.4, ಇನ್ನೊಂದೆಡೆ 2.2, ಮತ್ತೊಂದೆಡೆ 2.3. ಎಲ್ಲವೂ ಮೇಲ್ನೋಟಕ್ಕೆ ಒಂದೇ ಎನಿಸುವ ಸರ್ಕ್ಯೂಟಿಗೆ ಹೇಳಿದವು.

ಈ ಟಿಪ್ಪಣಿಯ ಉದ್ದೇಶ ಸೀಮಿತ. ಪ್ರತಿ ಗುಣಾಂಕದ ಹಿಂದೆ ಯಾವ ಊಹೆ ಇದೆ ಎಂಬುದನ್ನು ಗುರುತಿಸುವುದು ಮತ್ತು 4011ಕ್ಕೆ ಒಪ್ಪುವ ನಿಖರತೆ 4093ಕ್ಕೆ ಏಕೆ ಒಪ್ಪುವುದಿಲ್ಲ ಎಂಬುದನ್ನು ತೋರಿಸುವುದು. ಕೆಳಗಿನ ಗುಣಾಂಕಗಳೆಲ್ಲ ಲೆಕ್ಕದಿಂದ ಪಡೆದವು, ಅಳತೆಯಿಂದಲ್ಲ. ಲೆಕ್ಕಕ್ಕೆ ಆಧಾರ ತಯಾರಕರ ಡೇಟಾಶೀಟ್‌ಗಳ ಅಂಕಿಗಳು.

2. ಚಿಪ್‌ಗಳ ಗುರುತು ಮತ್ತು ಕಾಲ

ಮೊದಲಿಗೆ ದಿನಾಂಕಗಳ ಎರಡು ವ್ಯತ್ಯಾಸಗಳು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ 7400 ಬಳಗದ ಆರಂಭವನ್ನು ಕೆಲವರು 1964 ಎಂದೂ ಕೆಲವರು 1966 ಎಂದೂ ಬರೆಯುತ್ತಾರೆ. 1964ರಲ್ಲಿ ಬಂದದ್ದು ಸೇನಾ ದರ್ಜೆಯ 5400 ಬಳಗ. ಪ್ಲಾಸ್ಟಿಕ್ ಪ್ಯಾಕೇಜಿನ, ಅಗ್ಗದ 7400 ಬಂದದ್ದು 1966ರಲ್ಲಿ. ಆದ್ದರಿಂದ ಎರಡು ವರ್ಷಗಳೂ ತಮ್ಮ ತಮ್ಮ ಅರ್ಥದಲ್ಲಿ ಸರಿ. ಸಿಮಾಸ್ ತಂತ್ರಕ್ಕೂ 1963 ಮತ್ತು 1967 ಎಂಬ ಎರಡು ವರ್ಷಗಳಿವೆ. ಫೇರ್‌ಚೈಲ್ಡ್‌ನಲ್ಲಿದ್ದ ಫ್ರಾಂಕ್ ವಾನ್‌ಲಾಸ್ ಅವರು ಸಿ.ಟಿ. ಸಾ ಅವರೊಡನೆ ಪ್ರಬಂಧ ಮಂಡಿಸಿದ್ದು ಮತ್ತು ಪೇಟೆಂಟಿಗೆ ಅರ್ಜಿ ಹಾಕಿದ್ದು 1963ರಲ್ಲಿ. ಪೇಟೆಂಟ್ ಸಿಕ್ಕಿದ್ದು 1967ರ ಡಿಸೆಂಬರಿನಲ್ಲಿ. ಆರ್‌ಸಿಎ ಸಂಸ್ಥೆ ಆ ತಂತ್ರದ ಸಿಡಿ4000 ಬಳಗವನ್ನು ಹೊರತಂದದ್ದು 1968ರಲ್ಲಿ. 4011 ಮತ್ತು 4093 ಆ ಬಳಗದವು.

4093ರ ವಿಶೇಷ ಅದರ ಷ್ಮಿಟ್ ಟ್ರಿಗರ್ ಇನ್‌ಪುಟ್. ಇಲ್ಲಿಯೂ 1934 ಮತ್ತು 1938 ಎರಡನ್ನೂ ಕಾಣಬಹುದು: ಆಟೊ ಷ್ಮಿಟ್ ವಿದ್ಯಾರ್ಥಿಯಾಗಿದ್ದಾಗ ಸರ್ಕ್ಯೂಟ್ ರೂಪಿಸಿದ ವರ್ಷ ಮೊದಲನೆಯದು, ಅದರ ಪ್ರಬಂಧ ಪ್ರಕಟವಾದ ವರ್ಷ ಎರಡನೆಯದು.

ಪಿನ್‌ಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. 4011, 4093, 7400 ಮೂರಕ್ಕೂ 14 ಪಿನ್‌ಗಳು. ಮೂರರಲ್ಲೂ ಧನ ಸಂಪರ್ಕ 14ನೆಯ ಪಿನ್, ಋಣ ಸಂಪರ್ಕ 7ನೆಯದು. ಆದರೆ ಒಳಗಿನ ಜೋಡಣೆ ಬೇರೆ. 4011 ಮತ್ತು 4093ರಲ್ಲಿ ಔಟ್‌ಪುಟ್‌ಗಳು 3, 4, 10, 11ನೆಯ ಪಿನ್‌ಗಳು. 7400ರಲ್ಲಿ 3, 6, 8, 11. ಹಾಗಾಗಿ ಒಂದಕ್ಕೆ ಬರೆದ ನಕ್ಷೆಯಲ್ಲಿ ಇನ್ನೊಂದನ್ನು ಇಟ್ಟರೆ ಮೊದಲ ಮತ್ತು ಕೊನೆಯ ಗೇಟ್ ಸರಿಯಾಗಿ ನಡೆದು, ನಡುವಿನ ಎರಡು ಗೇಟ್‌ಗಳಲ್ಲಿ ಔಟ್‌ಪುಟ್ ಪಿನ್ನಿಗೆ ಇನ್‌ಪುಟ್ಟಿನ ತಂತಿ ಬೀಳುತ್ತದೆ. ಅರ್ಧ ಸರ್ಕ್ಯೂಟ್ ಕೆಲಸ ಮಾಡುವುದರಿಂದ ಈ ದೋಷ ಹುಡುಕುವುದು ಕಷ್ಟ.

7400 ಈ ಟಿಪ್ಪಣಿಯ ಲೆಕ್ಕಕ್ಕೆ ಬರುವುದಿಲ್ಲ. ಅದರ ಇನ್‌ಪುಟ್ ಕೆಳಮಟ್ಟದಲ್ಲಿದ್ದಾಗ ಗರಿಷ್ಠ 1.6 ಮಿಲಿಆಂಪಿಯರ್ ಕರೆಂಟ್ ಹೊರಬಿಡುತ್ತದೆ. ದೊಡ್ಡ ರೆಸಿಸ್ಟರಿನಿಂದ ಕಾಲ ನಿರ್ಧರಿಸುವ ವಿಧಾನವೇ ಅಲ್ಲಿ ನಿಲ್ಲದು. ಸಿಡಿ4011ಬಿ ಚಿಪ್ಪಿನ ಇನ್‌ಪುಟ್ ಕರೆಂಟ್ 18 ವೋಲ್ಟ್‌ನಲ್ಲೂ ಗರಿಷ್ಠ 0.1 ಮೈಕ್ರೊಆಂಪಿಯರ್. ಮುಂದಿನ ಲೆಕ್ಕಗಳಲ್ಲಿ ಅದನ್ನು ಸೊನ್ನೆ ಎಂದು ಹಿಡಿದಿದೆ.

3. ಎರಡು ಗೇಟ್‌ಗಳ ಆಸಿಲೇಟರ್: 1.4 ಮತ್ತು 2.2

ಇನ್ವರ್ಟರ್‌ನಂತೆ ಜೋಡಿಸಿದ ಎರಡು ನ್ಯಾಂಡ್ ಗೇಟ್‌ಗಳು ಒಂದರ ಹಿಂದೆ ಒಂದು. ಮೊದಲ ಗೇಟಿನ ಔಟ್‌ಪುಟ್‌ನಿಂದ ಆರ್, ಎರಡನೆಯದರ ಔಟ್‌ಪುಟ್‌ನಿಂದ ಸಿ. ಇವೆರಡೂ ಒಂದು ಬಿಂದುವಿನಲ್ಲಿ ಸೇರುತ್ತವೆ. ಆ ಬಿಂದುವಿನಿಂದ ಮೊದಲ ಗೇಟಿನ ಇನ್‌ಪುಟ್‌ಗೆ ಸಂಪರ್ಕ. ಈ ಕೊನೆಯ ಸಂಪರ್ಕ ಬರೀ ತಂತಿಯೇ, ಅಥವಾ ನಡುವೆ ಇನ್ನೊಂದು ರೆಸಿಸ್ಟರ್ ಇದೆಯೇ ಎಂಬುದರ ಮೇಲೆ ಗುಣಾಂಕ ನಿಂತಿದೆ. ಆ ರೆಸಿಸ್ಟರನ್ನು ಇಲ್ಲಿ ಆರ್‌ಎಸ್ ಎಂದು ಕರೆಯಲಾಗಿದೆ.

ಗೇಟ್ ಸ್ಥಿತಿ ಬದಲಿಸುವ ಹೊಸ್ತಿಲು ವೋಲ್ಟೇಜ್ ಪೂರೈಕೆಯ ಸರಿಯಾದ ಅರ್ಧ ಎಂದು ಊಹಿಸೋಣ. ಎರಡನೆಯ ಗೇಟಿನ ಔಟ್‌ಪುಟ್ ಮೇಲಕ್ಕೆ ಹಾರಿದ ಕ್ಷಣ ಕೆಪಾಸಿಟರ್ ಮೂಲಕ ಆ ಬಿಂದುವೂ ಅಷ್ಟೇ ಹಾರಿ, ಪೂರೈಕೆಯ ಒಂದೂವರೆ ಪಟ್ಟಿಗೆ ಏರುತ್ತದೆ. ಅಲ್ಲಿಂದ ಸೊನ್ನೆಯತ್ತ ಇಳಿಯುತ್ತ ಹೊಸ್ತಿಲು ತಲಪಲು ಬೇಕಾದ ಕಾಲ, ಆರ್‌ಸಿ ಗುಣಲಬ್ಧವನ್ನು 3ರ ಸ್ವಾಭಾವಿಕ ಲಾಗರಿದಮ್‌ನಿಂದ ಗುಣಿಸಿದಷ್ಟು. ಇನ್ನರ್ಧ ಚಕ್ರಕ್ಕೂ ಅಷ್ಟೇ. ಒಟ್ಟು ಗುಣಾಂಕ 2.197. ಇದೇ ರೂಢಿಯ 2.2.

ಆದರೆ ಚಿಪ್ಪಿನ ಪ್ರತಿ ಇನ್‌ಪುಟ್‌ನಲ್ಲಿ ರಕ್ಷಣಾ ಡಯೋಡ್‌ಗಳಿವೆ. ಸಂಪರ್ಕ ಬರೀ ತಂತಿಯಾಗಿದ್ದರೆ ಆ ಬಿಂದು ಪೂರೈಕೆಯಿಂದ ಮೇಲೆ ಏರಲು ಅವು ಬಿಡುವುದಿಲ್ಲ. ಆದರ್ಶ ಡಯೋಡ್ ಎಂದುಕೊಂಡರೆ ಇಳಿಕೆ ಪೂರೈಕೆಯ ಮಟ್ಟದಿಂದಲೇ ಆರಂಭ; ಪ್ರತಿ ಅರ್ಧಕ್ಕೆ 2ರ ಲಾಗರಿದಮ್, ಒಟ್ಟು 1.386. ಇದು ರೂಢಿಯ 1.4.

ಎಂದರೆ ಎರಡೂ ಸಂಖ್ಯೆಗಳು ಸರಿ, ಎರಡು ಭಿನ್ನ ಸರ್ಕ್ಯೂಟ್‌ಗಳಿಗೆ. ಡಯೋಡಿನ 0.7 ವೋಲ್ಟ್ ಇಳಿತವನ್ನು ಲೆಕ್ಕಕ್ಕೆ ಸೇರಿಸಿದರೆ ಆರ್‌ಎಸ್ ಇಲ್ಲದ ಸರ್ಕ್ಯೂಟಿನ ಗುಣಾಂಕ 5 ವೋಲ್ಟ್‌ಗೆ 1.65, 9 ವೋಲ್ಟ್‌ಗೆ 1.54, 15 ವೋಲ್ಟ್‌ಗೆ 1.48. ಪೂರೈಕೆ ಇಳಿದಂತೆ ಇದು ಏರುವುದರಿಂದ, ಬ್ಯಾಟರಿ ಸೊರಗಿದಂತೆ ಆವೃತ್ತಿಯೂ ಸರಿಯುತ್ತದೆ. ಹೀಗಾಗಿ 1.4 ಎಂಬುದು ನಿಜವಾದ ಚಿಪ್ಪಿನಲ್ಲಿ ಅಪರೂಪಕ್ಕೆ ಸಿಗುವ ಸಂಖ್ಯೆ ಎಂದೇ ತೋರುತ್ತದೆ.

4. ಆರ್‌ಎಸ್ ಎಷ್ಟಿರಬೇಕು

ಆರ್‌ಎಸ್ ಮೌಲ್ಯ ಆರ್‌ನ ಹತ್ತು ಪಟ್ಟು ಇರಲಿ ಎಂಬ ಸಲಹೆಯೂ, ಎರಡು ಪಟ್ಟು ಸಾಕು ಎಂಬ ಸಲಹೆಯೂ ಬಳಕೆಯಲ್ಲಿವೆ. ಇವುಗಳ ನಡುವಿನ ವ್ಯತ್ಯಾಸ ಎಷ್ಟು ಮುಖ್ಯ ಎಂಬುದನ್ನು ಲೆಕ್ಕ ಹಾಕಬಹುದು. ಆ ಬಿಂದು ಪೂರೈಕೆಯಿಂದ ಮೇಲಿರುವಷ್ಟು ಹೊತ್ತು ಕೆಪಾಸಿಟರಿನ ಕರೆಂಟ್ ಆರ್ ಮತ್ತು ಆರ್‌ಎಸ್ ಎರಡರಲ್ಲೂ ಹರಿಯುತ್ತದೆ. ಆಮೇಲೆ ಆರ್‌ನಲ್ಲಿ ಮಾತ್ರ. ಎರಡು ಹಂತಗಳನ್ನು ಬೇರೆಬೇರೆಯಾಗಿ ಬಿಡಿಸಿ ಕೂಡಿಸಿದರೆ (ಆದರ್ಶ ಡಯೋಡ್, ಹೊಸ್ತಿಲು ಅರ್ಧದಲ್ಲಿ) ಸಿಗುವ ಗುಣಾಂಕಗಳು:

ಆರ್‌ಎಸ್ ಇಲ್ಲ: 1.386
ಆರ್‌ಎಸ್ = ಆರ್‌ನ ಹತ್ತನೆಯ ಒಂದು ಭಾಗ: 1.727
ಆರ್‌ಎಸ್ = ಆರ್: 2.079
ಆರ್‌ಎಸ್ = ಆರ್‌ನ 2 ಪಟ್ಟು: 2.132
ಆರ್‌ಎಸ್ = ಆರ್‌ನ 10 ಪಟ್ಟು: 2.183
ಆರ್‌ಎಸ್ ಅಪರಿಮಿತ: 2.197

ಎರಡು ಪಟ್ಟಿನಲ್ಲಿ ಗುಣಾಂಕ ಅಂತಿಮ ಮೌಲ್ಯಕ್ಕಿಂತ ಸುಮಾರು 3% ಮಾತ್ರ ಕಡಿಮೆ. ಹತ್ತು ಪಟ್ಟಿನಲ್ಲಿ 1%ಕ್ಕಿಂತ ಕಡಿಮೆ. ಸಾಮಾನ್ಯ ಕೆಪಾಸಿಟರಿನ 5% ಅಥವಾ 10% ಸಡಿಲಿಕೆಯ ಎದುರು ಈ ವ್ಯತ್ಯಾಸ ಗಣ್ಯವಲ್ಲ. ಹತ್ತು ಪಟ್ಟು ಇಟ್ಟರೆ ಒಂದು ತೊಂದರೆಯೂ ಇದೆ. ಇನ್‌ಪುಟ್‌ನ ಸುಮಾರು 5 ಪಿಕೊಫ್ಯಾರಡ್ ಧಾರಕತೆಯೊಡನೆ ಆರ್‌ಎಸ್ ತನ್ನದೇ ವಿಳಂಬ ಉಂಟುಮಾಡುತ್ತದೆ. 470 ಕಿಲೊಓಮ್‌ಗೆ ಅದರ ಕಾಲಸ್ಥಿರಾಂಕ 2.35 ಮೈಕ್ರೊಸೆಕೆಂಡ್. 1 ಕಿಲೊಹರ್ಟ್ಸ್‌ನ ಬಜರಿಗೆ ಇದು ಲೆಕ್ಕಕ್ಕಿಲ್ಲ. 100 ಕಿಲೊಹರ್ಟ್ಸ್‌ನಲ್ಲಿ ಪೂರ್ಣ ಅವಧಿಯೇ 10 ಮೈಕ್ರೊಸೆಕೆಂಡ್ ಆದ್ದರಿಂದ ಕಡೆಗಣಿಸುವಂತಿಲ್ಲ.

5. ಹೊಸ್ತಿಲು ಸರಿದರೆ

ಹೊಸ್ತಿಲು ಯಾವಾಗಲೂ ಅರ್ಧದಲ್ಲೇ ಇರುತ್ತದೆ ಎಂದು ತಯಾರಕರು ಹೇಳುವುದಿಲ್ಲ. ಸಿಡಿ4011ಬಿಯಂಥ ಬಿ ದರ್ಜೆಯ ಚಿಪ್ 5 ವೋಲ್ಟ್ ಪೂರೈಕೆಯಲ್ಲಿ 1.5 ವೋಲ್ಟ್‌ವರೆಗೆ ‘ಕೆಳ’ ಎಂದೂ 3.5 ವೋಲ್ಟ್‌ನಿಂದ ‘ಮೇಲೆ’ ಎಂದೂ ಗುರುತಿಸುತ್ತದೆ ಎಂಬುದಷ್ಟೇ ಖಾತರಿ. ಎಂದರೆ ಹೊಸ್ತಿಲು 30% ಮತ್ತು 70% ನಡುವೆ ಎಲ್ಲಾದರೂ ಇರಬಹುದು.

ಆರ್‌ಎಸ್ ದೊಡ್ಡದಾಗಿದ್ದಾಗ, ಹೊಸ್ತಿಲು 30%ಕ್ಕೆ ಸರಿದರೂ ಗುಣಾಂಕ 2.197ರಿಂದ 2.354ಕ್ಕೆ ಏರುತ್ತದೆ, ಅಂದರೆ 7% ಮಾತ್ರ. ಒಂದು ಅರ್ಧ ಚಕ್ರ ಹಿಗ್ಗಿದಷ್ಟಕ್ಕೆ ಇನ್ನೊಂದು ಕುಗ್ಗಿ ಬಹುಮಟ್ಟಿಗೆ ಸರಿದೂಗಿಸುತ್ತದೆ. ಆರ್‌ಎಸ್ ಇಲ್ಲದಿದ್ದರೆ 1.386ರಿಂದ 1.561ಕ್ಕೆ, ಸುಮಾರು 13%. ಅವಧಿಗಿಂತ ಹೆಚ್ಚು ಕೆಡುವುದು ಸಮತೋಲ: ಮೊದಲನೆಯದರಲ್ಲಿ ದೀರ್ಘ ಭಾಗ ಅವಧಿಯ 62%, ಎರಡನೆಯದರಲ್ಲಿ 77%. ಮಿನುಗುವ ಎಲ್‌ಇಡಿ ಉರಿಯುವ ಹೊತ್ತು ಮತ್ತು ಆರುವ ಹೊತ್ತು ಒಂದೇ ಆಗಿರದಿದ್ದರೆ ಇದು ಒಂದು ಸಂಭಾವ್ಯ ಕಾರಣ.

ಇನ್ನು 2.3. ಫಿಲಿಪ್ಸ್‌ನ ಎಚ್‌ಇಎಫ್4060 ಚಿಪ್ಪಿನ ಆಸಿಲೇಟರಿಗೆ ಡೇಟಾಶೀಟ್ ಕೊಡುವ ಗುಣಾಂಕ ಇದು. ರಚನೆ ತತ್ತ್ವತಃ ಮೇಲಿನದೇ. ಹೊಸ್ತಿಲು ಪೂರೈಕೆಯ ಮೂರನೆಯ ಒಂದು ಭಾಗ ಅಥವಾ ಮೂರನೆಯ ಎರಡು ಭಾಗ ಎಂದು ಹಿಡಿದರೆ ಎರಡು ಅರ್ಧ ಚಕ್ರಗಳ ಲಾಗರಿದಮ್‌ಗಳು 4 ಮತ್ತು 2.5ರವು, ಕೂಡಿದರೆ 10ರ ಲಾಗರಿದಮ್, 2.303. ಈ ಹೊಂದಿಕೆ ಗಮನಾರ್ಹ, ಆದರೆ ಡೇಟಾಶೀಟಿನ ಸಂಖ್ಯೆ ಈ ದಾರಿಯಿಂದಲೇ ಬಂತು ಎನ್ನಲು ಇಷ್ಟು ಸಾಲದು. ಅಳತೆಗಳ ಸರಾಸರಿಯೂ ಅದೇ ಸಂಖ್ಯೆಗೆ ಬಂದಿರಬಹುದು.

6. 4093: ಒಂದೇ ಗೇಟ್, ಹೆಚ್ಚು ಅನಿಶ್ಚಿತತೆ

4093ರಲ್ಲಿ ಆಸಿಲೇಟರಿಗೆ ಒಂದೇ ಗೇಟ್ ಸಾಕು: ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಆರ್, ಇನ್‌ಪುಟ್‌ನಿಂದ ನೆಲಕ್ಕೆ ಸಿ. ಕೆಪಾಸಿಟರ್ ಮೇಲಿನ ಹೊಸ್ತಿಲು ಮತ್ತು ಕೆಳಗಿನ ಹೊಸ್ತಿಲಿನ ನಡುವೆ ಏರಿಳಿಯುತ್ತಿರುತ್ತದೆ. ಈ ಎರಡರ ಅಂತರವೇ ಹಿಸ್ಟರಿಸಿಸ್, ಮತ್ತು ಗುಣಾಂಕ ಬಹುಪಾಲು ಅದರ ಮೇಲೇ ನಿಂತಿದೆ. ಈ ಅಂತರದ ಬಗ್ಗೆ ಆಕರಗಳು ಒಪ್ಪುವುದಿಲ್ಲ.

ಆರ್‌ಸಿಎ ಮೂಲದ ಸಿಡಿ4093ಬಿ ಡೇಟಾಶೀಟ್ ಈಗ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನದು. ಹ್ಯಾರಿಸ್‌ನಿಂದ ಪಡೆದದ್ದೆಂಬ ಒಕ್ಕಣೆ ಅದರ ಮೊದಲ ಪುಟದಲ್ಲೇ ಇದೆ. ಅದರಲ್ಲಿ ವಿಶಿಷ್ಟ (ಟಿಪಿಕಲ್) ಹಿಸ್ಟರಿಸಿಸ್ 5 ವೋಲ್ಟ್‌ಗೆ 0.9, 10 ವೋಲ್ಟ್‌ಗೆ 2.3, 15 ವೋಲ್ಟ್‌ಗೆ 3.5. ನ್ಯಾಷನಲ್ ಮತ್ತು ಆಮೇಲೆ ಫೇರ್‌ಚೈಲ್ಡ್ ಹೆಸರಿನಲ್ಲಿ ಬಂದ ಸಿಡಿ4093ಬಿಸಿ ಡೇಟಾಶೀಟಿನಲ್ಲಿ 5 ವೋಲ್ಟ್‌ಗೆ 1.5, 10 ವೋಲ್ಟ್‌ಗೆ 2.2, 15 ವೋಲ್ಟ್‌ಗೆ 2.7. ಎರಡು ಹೊಸ್ತಿಲುಗಳೂ ಪೂರೈಕೆಯ ಅರ್ಧದ ಆಚೀಚೆ ಸಮದೂರದಲ್ಲಿವೆ ಎಂದು ಊಹಿಸಿ ಲೆಕ್ಕ ಹಾಕಿದರೆ, 5 ವೋಲ್ಟ್‌ನಲ್ಲಿ ಗುಣಾಂಕಗಳು 0.73 ಮತ್ತು 1.24. ಅದೇ ಆರ್, ಅದೇ ಸಿ, ಅದೇ ಹೆಸರಿನ ಚಿಪ್, ಅವಧಿಯಲ್ಲಿ 1.7 ಪಟ್ಟು ವ್ಯತ್ಯಾಸ. 10 ವೋಲ್ಟ್‌ನಲ್ಲಿ 0.94 ಮತ್ತು 0.89, ಬಹುತೇಕ ಒಂದೇ. 15 ವೋಲ್ಟ್‌ನಲ್ಲಿ ಕ್ರಮವೇ ತಿರುಗಿ 0.95 ಮತ್ತು 0.73. ಪೂರೈಕೆ ಏರಿದಂತೆ ಒಂದು ಡೇಟಾಶೀಟಿನ ಪ್ರಕಾರ ಆಸಿಲೇಟರ್ ನಿಧಾನವಾಗಬೇಕು, ಇನ್ನೊಂದರ ಪ್ರಕಾರ ಚುರುಕಾಗಬೇಕು.

ಮೊದಲ ಡೇಟಾಶೀಟಿನ ಒಳಗೂ ಒಂದು ಅಸಂಗತಿ ಇದೆ. ಒಂದು ಇನ್‌ಪುಟ್ ಬಳಸಿ ಇನ್ನೊಂದನ್ನು ಪೂರೈಕೆಗೆ ಕಟ್ಟಿದಾಗ, ವಿಶಿಷ್ಟ ಹೊಸ್ತಿಲುಗಳು 5 ವೋಲ್ಟ್‌ಗೆ 2.9 ಮತ್ತು 1.9, 10 ವೋಲ್ಟ್‌ಗೆ 5.9 ಮತ್ತು 3.9, 15 ವೋಲ್ಟ್‌ಗೆ 8.8 ಮತ್ತು 5.8. ಕಳೆದರೆ ಬರುವುದು 1.0, 2.0, 3.0; ಅದೇ ಕೋಷ್ಟಕದ ಹಿಸ್ಟರಿಸಿಸ್ ಸಾಲು ಹೇಳುವುದು 0.9, 2.3, 3.5. ಹೊಸ್ತಿಲುಗಳ ಅಂಕಿಗಳಿಂದ ಲೆಕ್ಕ ಹಾಕಿದರೆ ಗುಣಾಂಕ ಮೂರು ಪೂರೈಕೆಗಳಲ್ಲೂ 0.81, ಸ್ಥಿರ. ಹಿಸ್ಟರಿಸಿಸ್ ಸಾಲಿನಿಂದ ಹಾಕಿದರೆ 0.73, 0.94, 0.95. ಮೂರು ಸಾಲುಗಳ ವಿಶಿಷ್ಟ ಮೌಲ್ಯಗಳನ್ನು ಪ್ರತ್ಯೇಕವಾಗಿ ನಿಗದಿಪಡಿಸಿದ್ದರೆ ಇಂಥ ಬಿರುಕು ಸಹಜ. ವಿಶಿಷ್ಟ ಮೌಲ್ಯಗಳು ಒಂದನ್ನೊಂದು ಕಳೆಯಲೆಂದು ಕೊಟ್ಟವಲ್ಲ.

ವಿಶಿಷ್ಟ ಮೌಲ್ಯ ಬಿಟ್ಟು ಖಾತರಿಯ ಮಿತಿಗಳಿಗೆ ಬಂದರೆ ಚಿತ್ರ ಇನ್ನೂ ಸಡಿಲ. ಅದೇ ಡೇಟಾಶೀಟ್ 5 ವೋಲ್ಟ್‌ಗೆ ಹಿಸ್ಟರಿಸಿಸ್ 0.3ರಿಂದ 1.6 ವೋಲ್ಟ್‌ವರೆಗೆ ಇರಬಹುದೆನ್ನುತ್ತದೆ. ಗುಣಾಂಕ 0.24ರಿಂದ 1.33ರವರೆಗೆ, ಅಂದರೆ ಐದೂವರೆ ಪಟ್ಟು ಹರವು. ಮಿತಿಯ ತುದಿಯಲ್ಲಿರುವ ಚಿಪ್ ಕೈಗೆ ಬರುವುದು ವಿರಳವಿರಬಹುದು. ಆದರೂ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ‘ಒಂದು 4093 ಕೊಡಿ’ ಎಂದು ಕೇಳಿ ತಂದ ಚಿಪ್ಪಿಗೆ ಯಾವ ಗುಣಾಂಕ ಅನ್ವಯಿಸುತ್ತದೆಂದು ಅದರ ಮೇಲಿನ ಮುದ್ರೆ ಓದದೆ ಊಹಿಸುವುದೂ ಸಾಧ್ಯವಿಲ್ಲ. ಓದಿದ ಮೇಲೂ ಅದು ಅಂದಾಜೇ.

ಎರಡು ಇನ್‌ಪುಟ್‌ಗಳನ್ನು ಒಟ್ಟಿಗೆ ಕಟ್ಟಿದರೆ ಹೊಸ್ತಿಲುಗಳು ಮೇಲಕ್ಕೆ ಸರಿಯುತ್ತವೆ: 5 ವೋಲ್ಟ್‌ಗೆ 3.3 ಮತ್ತು 2.3. ಅವಧಿ ಹೆಚ್ಚು ಬದಲಾಗದು (0.82), ಔಟ್‌ಪುಟ್ ಮೇಲಿರುವ ಭಾಗ ಮಾತ್ರ 48%ರಿಂದ 56%ಕ್ಕೆ ಹೋಗುತ್ತದೆ. ಹವ್ಯಾಸಿ ನಕ್ಷೆಗಳಲ್ಲಿ ಎರಡೂ ಬಗೆಯ ಜೋಡಣೆ ಇದೆ. ಅವೆರಡನ್ನೂ ಸಮಾನವೆಂದು ಹಿಡಿಯುವುದು ವಾಡಿಕೆ.

ಇಷ್ಟೆಲ್ಲ ಇದ್ದೂ 4093ಕ್ಕೆ ಒಂದು ಗಟ್ಟಿ ಅನುಕೂಲವಿದೆ. ಎರಡು ಗೇಟ್‌ಗಳ ಸರ್ಕ್ಯೂಟಿನಲ್ಲಿ ಕೆಪಾಸಿಟರಿನ ತುದಿಗಳ ನಡುವಿನ ವೋಲ್ಟೇಜ್ ಪ್ರತಿ ಚಕ್ರದಲ್ಲೂ ಧನದಿಂದ ಋಣಕ್ಕೆ ತಿರುಗುತ್ತದೆ, ಪೂರೈಕೆಯ ಅರ್ಧದಷ್ಟು ಎರಡೂ ಕಡೆಗೆ. ಆದ್ದರಿಂದ ಅಲ್ಲಿ ಸಾಮಾನ್ಯ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಹಾಕುವಂತಿಲ್ಲ. 4093ರಲ್ಲಿ ಅದು ಸದಾ ಧನ. ಹಲವು ಸೆಕೆಂಡುಗಳ ಅವಧಿ ಬೇಕಾದಾಗ 100 ಮೈಕ್ರೊಫ್ಯಾರಡ್‌ನ ಎಲೆಕ್ಟ್ರೊಲಿಟಿಕ್ ನೇರವಾಗಿ ಹಾಕಬಹುದು. ಆ ಕೆಪಾಸಿಟರಿನ ಸಡಿಲಿಕೆಯೇ 20% ಇರುವಾಗ ಗುಣಾಂಕದ ಅನಿಶ್ಚಿತತೆಯನ್ನು ಸಹಿಸಿಕೊಳ್ಳುವವರೂ ಇದ್ದಾರೆ. ಎಲ್‌ಡಿಆರ್‌ನಂತೆ ನಿಧಾನವಾಗಿ ಬದಲಾಗುವ ಇನ್‌ಪುಟ್‌ಗೂ 4093 ಸೂಕ್ತ. ಸಂಜೆಯ ಬೆಳಕಿನಲ್ಲಿ 4011ರ ಔಟ್‌ಪುಟ್ ತೊನೆದಾಡುವ ಸಾಧ್ಯತೆ ಇರುವಲ್ಲಿ ಇದು ಒಂದೇ ಸಲ ನೆಗೆಯುತ್ತದೆ.

7. ಒಂದು ಉದಾಹರಣೆ: ಟ್ಯಾಂಕ್ ತುಂಬಿದ ಅಲಾರಂ

4011ರ ನಾಲ್ಕು ಗೇಟ್‌ಗಳೂ ಬಳಕೆಯಾಗುವ, ಹಾಗಾಗಿ ಖಾಲಿ ಇನ್‌ಪುಟ್ ತೇಲಿಬಿಡುವ ಪ್ರಮೇಯವೇ ಬಾರದ ಸರ್ಕ್ಯೂಟ್ ಇದು. ಎರಡು ಗೇಟ್‌ಗಳ ನಿಧಾನ ಆಸಿಲೇಟರ್, ಇನ್ನೆರಡರ ವೇಗದ ಆಸಿಲೇಟರ್. ನಿಧಾನದ್ದು ವೇಗದ್ದನ್ನು ತೆರೆದು ಮುಚ್ಚುತ್ತದೆ. ನಿಧಾನ ಆಸಿಲೇಟರಿನ ಮೊದಲ ಗೇಟಿನ ಎರಡನೆಯ ಇನ್‌ಪುಟ್ 1 ಮೆಗಾಓಮ್ ಮೂಲಕ ನೆಲಕ್ಕೆ, ಮತ್ತು ಟ್ಯಾಂಕಿನ ಬಾಯಿಯ ಹತ್ತಿರ ಇಳಿಬಿಟ್ಟ ಒಂದು ತಂತಿಗೆ. ಪಕ್ಕದ ತಂತಿ ಪೂರೈಕೆಗೆ. ನೀರು ಎರಡನ್ನೂ ಮುಟ್ಟಿದರೆ ಆಸಿಲೇಟರ್ ಚಾಲೂ. 9 ವೋಲ್ಟ್‌ನಲ್ಲಿ ನೀರಿನ ಮೂಲಕ ಹರಿಯುವುದು ಹೆಚ್ಚೆಂದರೆ 9 ಮೈಕ್ರೊಆಂಪಿಯರ್. ತಂತಿಗೆ ಸೇರಿದ ಆ ಇನ್‌ಪುಟ್ ಕೆಳಮಟ್ಟದಲ್ಲಿದ್ದಾಗ ಎರಡೂ ಆಸಿಲೇಟರ್‌ಗಳು ನಿಂತು, ಕೊನೆಯ ಔಟ್‌ಪುಟ್ ಸೊನ್ನೆಯಲ್ಲಿ ಉಳಿದು, ಬಜರ್ ನಡೆಸುವ ಬಿಸಿ547 ಟ್ರಾನ್ಸಿಸ್ಟರ್ ಆಫ್ ಆಗಿರುತ್ತದೆ. ಆ ಸ್ಥಿತಿಯಲ್ಲಿ ಚಿಪ್ಪಿನ ಬಳಕೆ 10 ವೋಲ್ಟ್‌ಗೆ, 25 ಡಿಗ್ರಿಯಲ್ಲಿ, ಗರಿಷ್ಠ 0.5 ಮೈಕ್ರೊಆಂಪಿಯರ್, ಪ್ರತ್ಯೇಕ ಸ್ವಿಚ್ ಬೇಕೆನಿಸದು.

ಮೌಲ್ಯಗಳು: ನಿಧಾನದ್ದಕ್ಕೆ 1 ಮೆಗಾಓಮ್, 0.22 ಮೈಕ್ರೊಫ್ಯಾರಡ್, ಆರ್‌ಎಸ್ 2.2 ಮೆಗಾಓಮ್. ವೇಗದ್ದಕ್ಕೆ 47 ಕಿಲೊಓಮ್, 0.01 ಮೈಕ್ರೊಫ್ಯಾರಡ್, ಆರ್‌ಎಸ್ 100 ಕಿಲೊಓಮ್. 4ನೆಯ ವಿಭಾಗದ 2.13 ಬಳಸಿದರೆ 2.1 ಹರ್ಟ್ಸ್ ಮತ್ತು ಸುಮಾರು 1 ಕಿಲೊಹರ್ಟ್ಸ್. ಇದೇ ಸರ್ಕ್ಯೂಟಿಗೆ 1.4ರ ಗುಣಾಂಕ ಹಚ್ಚಿದವರು 3.2 ಹರ್ಟ್ಸ್ ಮತ್ತು 1.5 ಕಿಲೊಹರ್ಟ್ಸ್ ನಿರೀಕ್ಷಿಸುತ್ತಾರೆ. ಕಿವಿಗೆ ಆ ವ್ಯತ್ಯಾಸ ಸ್ಪಷ್ಟ. ಬಳಸುವ ಬಜರ್ ಒಳಗೇ ಆಸಿಲೇಟರ್ ಇಲ್ಲದ ಪೀಜೋ ಬಗೆಯದಾಗಿರಬೇಕು.

8. ಲೆಕ್ಕ ಎಲ್ಲಿ ನಿಲ್ಲುತ್ತದೆ

ಹವ್ಯಾಸಿಗಳ ರೂಢಿಯ ಪೂರೈಕೆ 9 ವೋಲ್ಟ್‌ನ ಬ್ಯಾಟರಿ. ಮೇಲೆ ಬಳಸಿದ ಡೇಟಾಶೀಟ್‌ಗಳಲ್ಲಿ ಹೊಸ್ತಿಲು ಮತ್ತು ಹಿಸ್ಟರಿಸಿಸ್ ಕೊಟ್ಟಿರುವುದು 5, 10, 15 ವೋಲ್ಟ್‌ಗಳಿಗೆ ಮಾತ್ರ. 4011ರ ಮಟ್ಟಿಗೆ ನಡುವಿನ ಮೌಲ್ಯ ಅಂದಾಜಿಸುವುದರಲ್ಲಿ ಅಪಾಯ ಕಡಿಮೆ, ಏಕೆಂದರೆ ಆರ್‌ಎಸ್ ಇರುವಾಗ ಗುಣಾಂಕ ಪೂರೈಕೆಯನ್ನು ಬಹುಮಟ್ಟಿಗೆ ಅವಲಂಬಿಸುವುದಿಲ್ಲ. 4093ಕ್ಕೆ ಅದೇ ಅನ್ವಯಿಸದು.

ಇನ್ನೊಂದು ಊಹೆ ಲೆಕ್ಕದುದ್ದಕ್ಕೂ ಇದೆ: ಔಟ್‌ಪುಟ್ ಸೊನ್ನೆಯಿಂದ ಪೂರೈಕೆಯವರೆಗೆ ಪೂರ್ತಿ ಹಾರುತ್ತದೆ ಎಂಬುದು. ಸಿಡಿ4011ಬಿ 10 ವೋಲ್ಟ್ ಪೂರೈಕೆಯಲ್ಲಿ, ಔಟ್‌ಪುಟ್ ಅರ್ಧ ವೋಲ್ಟ್ ಮಾತ್ರ ಜಾರುವಂತೆ, ಕೊಡುವ ಖಾತರಿ ಕರೆಂಟ್ 1.3 ಮಿಲಿಆಂಪಿಯರ್. ಆಸಿಲೇಟರಿನ ಎರಡನೆಯ ಗೇಟಿಗೇ ಎಲ್‌ಇಡಿಯನ್ನು ರೆಸಿಸ್ಟರ್ ಇಲ್ಲದೆ ನೇರವಾಗಿ ಜೋಡಿಸುವ ನಕ್ಷೆಗಳಲ್ಲಿ ಆ ಔಟ್‌ಪುಟ್ ಎಲ್‌ಇಡಿಯ ಎರಡು ವೋಲ್ಟ್ ಆಸುಪಾಸಿಗೇ ಸಿಕ್ಕಿಬೀಳುತ್ತದೆ. ಕೆಪಾಸಿಟರ್ ಮೂಲಕ ದಾಟುವ ನೆಗೆತವೂ ಅಷ್ಟಕ್ಕೇ ಕುಗ್ಗುತ್ತದೆ. ಅಂಥ ಸರ್ಕ್ಯೂಟಿಗೆ 1.4 ಆಗಲಿ 2.2 ಆಗಲಿ ಅನ್ವಯಿಸದು. ಎಲ್‌ಇಡಿಯನ್ನು ಟ್ರಾನ್ಸಿಸ್ಟರ್ ಮೂಲಕ ಅಥವಾ ಉಳಿದ ಗೇಟೊಂದರ ಮೂಲಕ ನಡೆಸಿದರೆ ಗುಣಾಂಕ ಮತ್ತೆ ಲೆಕ್ಕದ ಮೌಲ್ಯದ ಸಮೀಪಕ್ಕೆ ಬರಬೇಕು.